ದಿಮೋನಾದ ಬಾಗಿಲೂ ತೆರೆಯಲಿ!

ಗಲ್ಫ್‌ನಲ್ಲಿ, ಇಸ್ರೇಲ್‌ನಲ್ಲಿ, ಇರಾನ್‌ನಲ್ಲಿ ಮನೆಮಂದಿ ಇರುವ ಎಲ್ಲ ಬಂಧುಗಳಿಗೆ



ಬಸ್ಸು ಬರುವವರೆಗೆ ಇದನ್ನು ಓದಿ. ಬಸ್ಸು ಬಂದುಬಿಟ್ಟರೆ ಮಡಚಿ ಜೇಬಿಗಿಟ್ಟುಕೊಂಡು ಮನೆಯಲ್ಲಿ ಓದಿ. ಓದುವ ಮೊದಲೇ ಕಡಲೆ ಕಟ್ಟಲು ಕೊಡಬೇಡಿ, ಓದಿದ ಮೇಲೆ ಕೊಟ್ಟರೆ ನಮ್ಮ ತಕರಾರಿಲ್ಲ.

2025ರ ಜೂನ್ 23ರ ರಾತ್ರಿ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ನಿದ್ದೆ ಹತ್ತಿತು? ಕತಾರ್‌ನ ಅಮೆರಿಕದ ಪಡೆಗಳಿರುವ ಅಲ್ ಉದೈದ್ ಸೇನಾನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಂದವೆಂದು ಟಿವಿಯಲ್ಲಿ ತೋರಿಸುತ್ತಿದ್ದರು. ಗಲ್ಫ್‌ನ ಆಕಾಶ ಗಂಟೆಗಟ್ಟಲೆ ಮುಚ್ಚಿತ್ತು. ದೋಹಾ, ಮನಾಮಾ, ಕುವೈತ್, ದುಬೈಗಳಲ್ಲಿ ದುಡಿಯುವವರ ಮನೆಯವರು ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದರು. ಅದಕ್ಕೆ ಹತ್ತು ದಿನ ಮೊದಲು, ಜೂನ್ 13ರಂದು, ಇಸ್ರೇಲ್ ಇರಾನಿನ ಮೇಲೆ ದಾಳಿ ಶುರುಮಾಡಿದಾಗ ಭಯ ಹುಟ್ಟಿದ್ದು ಬೇರೆ ಮನೆಗಳಲ್ಲಿ. ಮಂಗಳೂರು, ಉಡುಪಿ ಕಡೆಯಿಂದ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲ್‌ಗೆ ಹೋದವರು ಸಾವಿರಾರು ಮಂದಿ. ಅಲ್ಲಿನ ವೃದ್ಧರಿಗೆ ಉಣಿಸಿ, ಮೀಯಿಸಿ, ಮಲಗಿಸುವ ನಮ್ಮ ಮಕ್ಕಳು ಸೈರನ್ ಕೂಗಿದಾಗ ಆ ವೃದ್ಧರನ್ನೂ ಕರೆದುಕೊಂಡೇ ಆಶ್ರಯ ಕೋಣೆಗೆ ಇಳಿಯಬೇಕು. ಇತ್ತ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಇರಾನಿಗೆ ಓದಲು ಹೋದ ಮಕ್ಕಳ ತಂದೆತಾಯಿ ದೆಹಲಿಯ ವಿಮಾನದ ಸುದ್ದಿಗಾಗಿ ಕಾಯುತ್ತಿದ್ದರು. ಭಾರತ ಸರ್ಕಾರ ‘ಆಪರೇಷನ್ ಸಿಂಧು’ ಹೆಸರಿನಲ್ಲಿ ಎರಡೂ ದೇಶಗಳಿಂದ ನಮ್ಮವರನ್ನು ಕರೆತಂದಿತು. ಅದಕ್ಕೆ ಮೆಚ್ಚುಗೆ ಹೇಳೋಣ.

ಚರ್ಚಿಗೆ ಹೋಗುವ ಮನೆ, ಮಸೀದಿಗೆ ಹೋಗುವ ಮನೆ, ದೇವಸ್ಥಾನಕ್ಕೆ ಹೋಗುವ ಮನೆ, ಮೂರೂ ಹತ್ತೇ ದಿನದಲ್ಲಿ ಒಂದೇ ಕಾರಣಕ್ಕೆ ಹೆದರಿದವು. ಆ ಕಾರಣ ಅಣುಬಾಂಬ್. ಬಿದ್ದ ಬಾಂಬ್ ಅಲ್ಲ. ಯಾರೋ ಗುಟ್ಟಾಗಿ ಮಾಡುತ್ತಿದ್ದಾರೆಂದು ಇನ್ನೊಬ್ಬರು ಹೇಳಿದ ಬಾಂಬ್.

ಇರಾನ್ ಗುಟ್ಟು ಮಾಡಿದ್ದು ನಿಜ. ನಾವು ಅದರ ವಕೀಲರಲ್ಲ. ನತಾಂಜ್‌ನ ಯುರೇನಿಯಂ ಸ್ಥಾವರ 2002ರಲ್ಲಿ ಹೊರಗಿನವರ ಬಾಯಿಂದ ಬಯಲಾಯಿತು. ಬೆಟ್ಟದ ಹೊಟ್ಟೆಯಲ್ಲಿ ಕೊರೆದ ಫೋರ್ದೋ 2009ರಲ್ಲಿ ಬಯಲಾಯಿತು. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿದ ದೇಶ ಹೀಗೆ ಮಾಡಬಾರದಿತ್ತು. ಅಲ್ಲಿಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರು ಹೋಗಲೇಬೇಕು, ಪ್ರತಿ ಕೋಣೆಯನ್ನೂ ನೋಡಲೇಬೇಕು.

ಆದರೆ ಅದೇ ಪ್ರದೇಶದಲ್ಲಿ ಇನ್ನೊಂದು ಸ್ಥಾವರವಿದೆ. ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಆ ಸಂಸ್ಥೆಯ ತಪಾಸಕ ಒಬ್ಬನೂ ಅದರ ಹೊಸ್ತಿಲು ದಾಟಿಲ್ಲ. ಅದನ್ನು ನಡೆಸುವ ಇಸ್ರೇಲ್ ಬಳಿ ಸುಮಾರು 90 ಅಣುಸಿಡಿತಲೆಗಳಿವೆಯೆಂದು ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆಯ ಅಂದಾಜು. ಆ ಜಾಗದ ಹೆಸರು ದಿಮೋನಾ. ಅದು ಹೇಗೆ ಹುಟ್ಟಿತು, ಅದಕ್ಕಾಗಿ ಗೆಳೆಯ ದೇಶಗಳು ಹೇಗೆ ಜಗಳವಾಡಿದವು, ಆಮೇಲೆ ಹೇಗೆ ಬಾಯಿಗೆ ಬೀಗ ಹಾಕಿಕೊಂಡವು ಎಂಬುದನ್ನು ನೀವು ತಿಳಿಯಬೇಕು. ಇವತ್ತಿನ ಬೆಂಕಿಗೆ ಅಂದಿನ ಮೌನದ ಕಿಡಿಯೂ ತಾಗಿದೆ.

“ಅದೊಂದು ಜವಳಿ ಗಿರಣಿ”

1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ವಿರುದ್ಧ ಫ್ರಾನ್ಸ್, ಬ್ರಿಟನ್, ಇಸ್ರೇಲ್ ಮೂರೂ ಒಟ್ಟಾಗಿ ಯುದ್ಧಕ್ಕಿಳಿದವು. ಆ ಸ್ನೇಹದ ಬಿಸಿಯಲ್ಲೇ 1957ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಮತ್ತು ಇಸ್ರೇಲ್ ನಡುವೆ ಗುಟ್ಟಿನ ಒಪ್ಪಂದವಾಯಿತು. ನೆಗೆವ್ ಮರುಭೂಮಿಯ ದಿಮೋನಾ ಬಳಿ ಫ್ರಾನ್ಸ್ ಒಂದು ಅಣು ರಿಯಾಕ್ಟರ್ ಕಟ್ಟಿಕೊಡಬೇಕು. ಉರಿದ ಇಂಧನದಿಂದ ಪ್ಲುಟೋನಿಯಂ ತೆಗೆಯುವ ನೆಲದಡಿಯ ಕಾರ್ಖಾನೆಗೂ ನೆರವಾಗಬೇಕು. ಪ್ಲುಟೋನಿಯಂ ಎಂದರೆ ಬಾಂಬಿನ ಹೊಟ್ಟೆಗೆ ತುಂಬುವ ಸರಕು. ಇಸ್ರೇಲ್ ಕಡೆಯಿಂದ ಈ ವ್ಯವಹಾರ ಕುದುರಿಸಿದವರು ರಕ್ಷಣಾ ಇಲಾಖೆಯ ಅಧಿಕಾರಿಯಾಗಿದ್ದ ಶಿಮೋನ್ ಪೆರೆಸ್. ಮುಂದೆ ಪ್ರಧಾನಿಯೂ ಅಧ್ಯಕ್ಷರೂ ಆದವರು, ಶಾಂತಿಯ ನೊಬೆಲ್ ಪಡೆದವರು. ಖರ್ಚಿನ ಒಂದು ಪಾಲು ಬಜೆಟ್ ಪುಸ್ತಕಕ್ಕೆ ಸಿಗದ ಹಾಗೆ ಹೊರದೇಶದ ಸಿರಿವಂತರ ದೇಣಿಗೆಯಿಂದ ಬಂತು. ದೇಶದ ಜನರಿಗೆ ಸುಳಿವೇ ಇರಲಿಲ್ಲ.

1959ರಲ್ಲಿ ನಾರ್ವೆ ಈ ರಿಯಾಕ್ಟರ್ ನಡೆಸಲು ಬೇಕಾದ 20 ಟನ್ ಭಾರಜಲವನ್ನು ಇಸ್ರೇಲಿಗೆ ಮಾರಿತು, ಶಾಂತಿಯುತ ಬಳಕೆಗೆ ಮಾತ್ರ ಎಂಬ ಭರವಸೆ ಪಡೆದು. ಆ ಸರಕು ಬಂದದ್ದು ಬ್ರಿಟನ್ ಕೈಯಿಂದ. ಬ್ರಿಟನ್ನಿನ ಪಾತ್ರ ಬಯಲಾದದ್ದು ಮಾತ್ರ 2005ರಲ್ಲಿ, ಬಿಬಿಸಿ ಹಳೆಯ ಕಡತಗಳನ್ನು ಕೆದಕಿದಾಗ. ಅಷ್ಟರಲ್ಲಿ ಸಹಿ ಹಾಕಿದವರಲ್ಲಿ ಉತ್ತರ ಹೇಳಬೇಕಾದವರು ಯಾರು ಉಳಿದಿದ್ದರು?

ಮೊದಲ ಮುನಿಸು ಫ್ರಾನ್ಸಿನದು. 1958ರಲ್ಲಿ ಅಧಿಕಾರಕ್ಕೆ ಬಂದ ಜನರಲ್ ದ ಗಾಲ್ ಅವರಿಗೆ ತಮ್ಮ ಹಿಂದಿನವರು ಕೊಟ್ಟ ಮಾತು ಹಿಡಿಸಲಿಲ್ಲ. 1960ರಲ್ಲಿ ನೆರವು ನಿಲ್ಲಿಸಲು ಹೊರಟರು. ತಿಂಗಳುಗಟ್ಟಲೆ ಜಗ್ಗಾಟ ನಡೆಯಿತು. ಕೊನೆಗೆ ಆದ ರಾಜಿ ನೋಡಿ: ಫ್ರಾನ್ಸ್ ಸರ್ಕಾರ ಹಿಂದೆ ಸರಿಯುತ್ತದೆ, ಆದರೆ ಫ್ರಾನ್ಸಿನ ಕಂಪನಿಗಳು ಗುತ್ತಿಗೆಯ ಕೆಲಸ ಮುಗಿಸುತ್ತವೆ. ಸರ್ಕಾರದ ಕೈ ತೊಳೆದದ್ದೂ ಆಯಿತು, ರಿಯಾಕ್ಟರ್ ಎದ್ದದ್ದೂ ಆಯಿತು.

ಅಮೆರಿಕಕ್ಕೆ ಇದಾವುದನ್ನೂ ಹೇಳಿರಲಿಲ್ಲ. ಅದರ ಯು-2 ಬೇಹು ವಿಮಾನಗಳು 1958ರಿಂದಲೇ ಆ ಕಾಮಗಾರಿಯ ಚಿತ್ರ ತೆಗೆಯುತ್ತಿದ್ದರೂ ಅದು ಏನೆಂದು ಗಟ್ಟಿಯಾಗಿ ಹೇಳುವವರಿರಲಿಲ್ಲ. 1960ರಲ್ಲಿ ಅಮೆರಿಕದ ರಾಯಭಾರಿ ಆಗ್ಡೆನ್ ರೀಡ್ ಹೆಲಿಕಾಪ್ಟರಿನಲ್ಲಿ ಆ ಕಡೆ ಹಾರುತ್ತಿದ್ದಾಗ ಕೆಳಗಿನ ದೊಡ್ಡ ಕಟ್ಟಡ ಏನೆಂದು ಕೇಳಿದರು. ಜೊತೆಗಿದ್ದ ಇಸ್ರೇಲ್ ಅಧಿಕಾರಿ, ಅದೊಂದು ಜವಳಿ ಗಿರಣಿ ಎಂದರು. ಆಮೇಲೆ ಲೋಹ ಸಂಶೋಧನಾ ಕೇಂದ್ರ ಎಂಬ ಇನ್ನೊಂದು ವಿವರಣೆ ಬಂತು. ಡಿಸೆಂಬರ್‌ನಲ್ಲಿ ಸುದ್ದಿ ಪತ್ರಿಕೆಗಳಿಗೆ ಸೋರಿತು. ಡಿಸೆಂಬರ್ 21ರಂದು ಪ್ರಧಾನಿ ಡೇವಿಡ್ ಬೆನ್-ಗುರಿಯನ್ ಸಂಸತ್ತಿನಲ್ಲಿ ಎದ್ದು ನಿಂತು, ಅದು 24 ಮೆಗಾವಾಟ್‌ನ ಸಂಶೋಧನಾ ರಿಯಾಕ್ಟರ್, ಉದ್ದೇಶ ಶಾಂತಿಯುತ ಎಂದರು. ಇಸ್ರೇಲಿನ ಪ್ರಜೆಗಳಿಗೂ ತಮ್ಮ ನೆಲದ ಈ ಸಂಗತಿ ತಿಳಿದದ್ದು ಆ ಹೊತ್ತಿಗೆ.

ಕೆನೆಡಿಯ ಕಾಗದಗಳು

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ. ಗೆಳೆಯನನ್ನು ಗಟ್ಟಿಯಾಗಿ ಪ್ರಶ್ನಿಸಿದ ಅಪರೂಪದ ಉದಾಹರಣೆ ಇದು.

ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿ ಇಸ್ರೇಲಿನ ಶತ್ರುವಲ್ಲ. ಹಾಕ್ ಕ್ಷಿಪಣಿಗಳನ್ನು ಮಾರಲು ಒಪ್ಪಿ, ಅಮೆರಿಕದ ದೊಡ್ಡ ಶಸ್ತ್ರಾಸ್ತ್ರ ಇಸ್ರೇಲಿಗೆ ಸಿಗುವ ದಾರಿ ತೆರೆದವರೇ ಅವರು. ಆದರೆ ಒಬ್ಬರಿಗೆ ಬಾಂಬ್ ಮಾಡಲು ಬಿಟ್ಟರೆ ನಾಳೆ ಹತ್ತು ಮಂದಿ ಮಾಡುತ್ತಾರೆ ಎಂಬ ಭಯ ಅವರನ್ನು ಕಾಡುತ್ತಿತ್ತು. 1961ರ ಮೇ 30ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಬೆನ್-ಗುರಿಯನ್ ಅವರನ್ನು ಭೇಟಿಯಾದರು. ಅದಕ್ಕೆ ಕೆಲವೇ ದಿನ ಮೊದಲು ಅಮೆರಿಕದ ಇಬ್ಬರು ವಿಜ್ಞಾನಿಗಳಿಗೆ ದಿಮೋನಾ ತೋರಿಸಲಾಗಿತ್ತು. ಅನುಮಾನಕ್ಕೆ ಕಾರಣವಿಲ್ಲ ಎಂದು ಅವರು ವರದಿ ಕೊಟ್ಟರು. 1962ರಲ್ಲಿ ಇನ್ನೊಮ್ಮೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ಮುಕ್ಕಾಲು ಗಂಟೆ. ನಮ್ಮಲ್ಲಿ ಆಸ್ತಿ ನೋಂದಣಿಗೆ ಇದಕ್ಕಿಂತ ಹೆಚ್ಚು ಹೊತ್ತು ಕೂರುತ್ತೇವೆ.

1963ರಲ್ಲಿ ಕೆನೆಡಿಯ ದನಿ ಬಿಗಿಯಾಯಿತು. ವರ್ಷಕ್ಕೆ ಎರಡು ಬಾರಿ ತಪಾಸಣೆ ಆಗಬೇಕು, ಎಲ್ಲ ಕಟ್ಟಡಗಳನ್ನೂ ನೋಡಲು ಸಾಕಷ್ಟು ಸಮಯ ಕೊಡಬೇಕು ಎಂದು ಕಾಗದದ ಮೇಲೆ ಕಾಗದ ಬರೆದರು. ಜೂನ್ 15ರ ಖಡಕ್ ಕಾಗದ ಕೈಸೇರುವ ಮೊದಲೇ, 16ರಂದು, ಬೆನ್-ಗುರಿಯನ್ ರಾಜೀನಾಮೆ ಕೊಟ್ಟರು. ಕಾರಣ ಇದೇ ಹೌದೋ ಅಲ್ಲವೋ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಿದ್ದಾರೆ. ಅವರ ಜಾಗಕ್ಕೆ ಬಂದ ಲೆವಿ ಎಷ್ಕೋಲ್ ಕುರ್ಚಿಯಲ್ಲಿ ಕೂತು ಹತ್ತು ದಿನವೂ ಕಳೆದಿರಲಿಲ್ಲ, ಜುಲೈ 5ರ ಕಾಗದ ಬಂತು: ದಿಮೋನಾದ ಬಗ್ಗೆ ನಂಬಲರ್ಹ ಮಾಹಿತಿ ಸಿಗದಿದ್ದರೆ ಇಸ್ರೇಲಿಗೆ ಅಮೆರಿಕ ಕೊಟ್ಟಿರುವ ಬೆಂಬಲವೇ ಅಪಾಯಕ್ಕೆ ಸಿಲುಕಬಹುದು ಎಂಬುದು ಅದರ ತಾತ್ಪರ್ಯ. ಒಂದೂವರೆ ತಿಂಗಳು ಯೋಚಿಸಿ ಎಷ್ಕೋಲ್ ತಪಾಸಣೆಗೆ ಒಪ್ಪಿದರು. ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನೆಡಿಯ ಹತ್ಯೆಯಾಯಿತು. (ಎರಡಕ್ಕೂ ಗಂಟು ಹಾಕುವ ವಾಟ್ಸ್‌ಆ್ಯಪ್ ಸಂದೇಶಗಳು ನಿಮಗೂ ಬಂದಿರಬಹುದು. ಅದಕ್ಕೆ ಪುರಾವೆ ಇಲ್ಲ, ಹಂಚಬೇಡಿ.)

1964ರಿಂದ 1969ರವರೆಗೆ ಅಮೆರಿಕದ ತಂಡಗಳು ಹೋದವು. ವರ್ಷಕ್ಕೆ ಎರಡು ಸಲ ಅಲ್ಲ, ಹೆಚ್ಚುಕಡಿಮೆ ಒಂದು ಸಲ. ಹೋಗುವ ದಿನ ಮೊದಲೇ ಗೊತ್ತು. ಸಾಮಾನ್ಯವಾಗಿ ಶನಿವಾರ, ಕೆಲಸಗಾರರಿಗೆ ರಜೆಯ ದಿನ. ನೆಲದಡಿಯ ಅಂತಸ್ತುಗಳಿಗೆ ಇಳಿಯುವ ಲಿಫ್ಟ್‌ಗೆ ಇಟ್ಟಿಗೆ ಗೋಡೆ ಕಟ್ಟಿ, ನಕಲಿ ನಿಯಂತ್ರಣ ಕೋಣೆ ಮಾಡಿ ತೋರಿಸಿದ್ದರೆಂದು ಮುಂದೆ ಪತ್ರಕರ್ತ ಸೆಮೂರ್ ಹರ್ಷ್ ಬರೆದರು. ತಪಾಸಕರ ಕಣ್ಣಿಗೆ ಪ್ಲುಟೋನಿಯಂ ಕಾರ್ಖಾನೆ ಬೀಳಲೇ ಇಲ್ಲ. ಅರಬ್ ದೇಶಗಳೊಂದಿಗಿನ 1967ರ ಯುದ್ಧದ ಹೊತ್ತಿಗೆ ಇಸ್ರೇಲ್ ಬಳಿ ಮೊದಲ ಅಣು ಸಾಧನಗಳು ಸಿದ್ಧವಾಗಿದ್ದವು ಎನ್ನುವವರು ಹೊರಗಿನವರಲ್ಲ, ಇಸ್ರೇಲಿನವರೇ ಆದ ಇತಿಹಾಸಕಾರ ಅವ್ನರ್ ಕೊಹೆನ್.

1968ರಲ್ಲಿ ಇಸ್ರೇಲಿಗೆ ಫ್ಯಾಂಟಮ್ ಯುದ್ಧವಿಮಾನಗಳ ಮಾರಾಟದ ಮಾತುಕತೆ. ಅಮೆರಿಕದ ರಕ್ಷಣಾ ಇಲಾಖೆಯ ಪಾಲ್ ವಾರ್ನ್‌ಕಿ ಇಸ್ರೇಲಿನ ರಾಯಭಾರಿ ಯಿತ್ಜಾಕ್ ರಾಬಿನ್ ಅವರನ್ನು ಹಿಡಿದು ಕೂರಿಸಿ, ಬಾಂಬ್ ವಿಷಯದಲ್ಲಿ ನಿಮ್ಮ ಮಾತಿಗೆ ಅರ್ಥವೇನು ಎಂದು ಕೆದಕಿದರು. ಪರೀಕ್ಷೆ ಮಾಡದ, ಬಹಿರಂಗವಾಗಿ ಹೇಳಿಕೊಳ್ಳದ ಅಸ್ತ್ರವನ್ನು ಅಸ್ತ್ರವೆಂದು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂಬ ವಾದ ಅಲ್ಲಿ ಬಂತು. ವಿಮಾನ ಮಾರಾಟವನ್ನು ಇದಕ್ಕೆ ತಳಕು ಹಾಕಬೇಕೆಂದು ವಾರ್ನ್‌ಕಿ ಹಟ ಹಿಡಿದರು. ಅಧ್ಯಕ್ಷ ಜಾನ್ಸನ್ ಬೇಡವೆಂದರು, ವಿಮಾನಗಳು ಹೋದವು.

1969ರ ಸೆಪ್ಟೆಂಬರ್ 26ರಂದು ಶ್ವೇತಭವನದಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಮತ್ತು ಇಸ್ರೇಲ್ ಪ್ರಧಾನಿ ಗೋಲ್ಡಾ ಮೇಯರ್ ಇಬ್ಬರೇ ಕೂತು ಮಾತನಾಡಿದರು. ಏನು ಮಾತಾಯಿತೆಂಬ ದಾಖಲೆಯೇ ಹೊರಬಂದಿಲ್ಲ. ಪರಿಣಾಮ ಮಾತ್ರ ಎಲ್ಲರಿಗೂ ಕಂಡಿತು: ತಪಾಸಣೆ ನಿಂತಿತು. ನೀನು ಹೇಳಬೇಡ, ನಾನು ಕೇಳುವುದಿಲ್ಲ. ಹತ್ತು ವರ್ಷದ ಜಗಳ ಇಬ್ಬರ ಸಂಭಾಷಣೆಯಲ್ಲಿ ಮುಗಿದುಹೋಯಿತು. ಮರುವರ್ಷದ ಮಾರ್ಚ್‌ನಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಜಾರಿಗೆ ಬಂತು. ಇಸ್ರೇಲ್ ಅದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ.

ಬಾಯಿಬಿಟ್ಟವನಿಗೆ 18 ವರ್ಷ

ದೊಡ್ಡವರು ಬಾಯಿ ಮುಚ್ಚಿದ ಮೇಲೆ ಮಾತಾಡಿದ್ದು ಒಬ್ಬ ಟೆಕ್ನಿಷಿಯನ್. ಹೆಸರು ಮೊರ್ದೆಖಾಯ್ ವನುನು. ಮೊರಾಕೊದಲ್ಲಿ ಹುಟ್ಟಿ, ಬಾಲ್ಯದಲ್ಲಿ ಇಸ್ರೇಲಿಗೆ ಬಂದು, ದಿಮೋನಾದ ನೆಲದಡಿಯ ಕಾರ್ಖಾನೆಯಲ್ಲಿ 1985ರವರೆಗೆ ಪಾಳಿ ಕೆಲಸ ಮಾಡಿದವನು. ಹೊರಬರುವ ಮೊದಲು ಗುಟ್ಟಾಗಿ ಅರವತ್ತರಷ್ಟು ಫೋಟೊ ತೆಗೆದಿದ್ದ. 1986ರ ಅಕ್ಟೋಬರ್ 5ರಂದು ಲಂಡನ್ನಿನ ‘ಸಂಡೇ ಟೈಮ್ಸ್’ ಅವನು ಬಯಲು ಮಾಡಿದ್ದನ್ನು ಪ್ರಕಟಿಸಿತು. ಅಷ್ಟರಲ್ಲಿ ವನುನು ಲಂಡನ್ನಿನಲ್ಲೇ ಇರಲಿಲ್ಲ. ಇಸ್ರೇಲಿನ ಬೇಹು ಸಂಸ್ಥೆ ಮೊಸಾದ್‌ನ ಹೆಣ್ಣೊಬ್ಬಳು ಸ್ನೇಹದ ಆಸೆ ತೋರಿಸಿ ಅವನನ್ನು ರೋಮ್‌ಗೆ ಕರೆದೊಯ್ದಿದ್ದಳು; ಅಲ್ಲಿ ಹಿಡಿದು, ಮತ್ತಿನ ಔಷಧ ಕೊಟ್ಟು, ಹಡಗಿನಲ್ಲಿ ಇಸ್ರೇಲಿಗೆ ಸಾಗಿಸಿದರು. ಕೋರ್ಟಿಗೆ ಕರೆದೊಯ್ಯುವ ವ್ಯಾನಿನ ಕಿಟಕಿಗೆ ಅಂಗೈ ಒತ್ತಿ, ಅದರ ಮೇಲೆ ತನ್ನನ್ನು ರೋಮ್‌ನಲ್ಲಿ ಅಪಹರಿಸಿದ್ದಾರೆಂದು ಬರೆದು ತೋರಿಸಿದ ಚಿತ್ರ ಜಗತ್ತಿಗೆಲ್ಲ ಹೋಯಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಶಿಕ್ಷೆ 18 ವರ್ಷ. ಅದರಲ್ಲಿ 11 ವರ್ಷಕ್ಕೂ ಹೆಚ್ಚು ಒಂಟಿ ಕೋಣೆ. 2004ರ ಏಪ್ರಿಲ್‌ನಲ್ಲಿ ಬಿಟ್ಟ ಮೇಲೂ ದೇಶ ಬಿಟ್ಟು ಹೋಗುವಂತಿಲ್ಲ, ವಿದೇಶಿಯರೊಡನೆ ಮಾತಾಡುವಂತಿಲ್ಲ ಎಂಬ ನಿರ್ಬಂಧ ಹೇರಿದರು.

ಬ್ರಿಟನ್, ಇಟಲಿ ಎರಡೂ ಇಸ್ರೇಲಿನ ಗೆಳೆಯ ದೇಶಗಳು. ಒಂದರ ನೆಲದಿಂದ ಪುಸಲಾಯಿಸಿ, ಇನ್ನೊಂದರ ನೆಲದಲ್ಲಿ ಅಪಹರಿಸಿದ್ದಕ್ಕೆ ಎರಡೂ ಗೊಣಗಿದ್ದಕ್ಕಿಂತ ಹೆಚ್ಚೇನೂ ಮಾಡಲಿಲ್ಲ.

ಒಂದು ಸಲ ಜಗತ್ತು ಬಾಯಿಬಿಟ್ಟು ಹೇಳಿತ್ತು. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಬಾಗ್ದಾದ್ ಬಳಿಯ ಇರಾಕಿನ ಒಸಿರಾಕ್ ರಿಯಾಕ್ಟರ್ ಮೇಲೆ ಬಾಂಬ್ ಹಾಕಿದವು. ಅದನ್ನು ಕಟ್ಟಿಕೊಟ್ಟದ್ದೂ ಫ್ರಾನ್ಸ್! ಆಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 487ನೇ ನಿರ್ಣಯ, ಇಸ್ರೇಲ್ ತನ್ನ ಅಣುಸ್ಥಾವರಗಳನ್ನು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಬೇಕೆಂದು ಕೇಳಿತು. ಪರವಾಗಿ ಕೈ ಎತ್ತಿದವರಲ್ಲಿ ಅಮೆರಿಕವೂ ಇತ್ತು. ನಿರ್ಣಯ ಇಂದಿಗೂ ಕಡತದಲ್ಲಿದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ, ಆ ಕಡತದ ಧೂಳು ಕೊಡವಿ ಎನ್ನುತ್ತಿದ್ದೇವೆ.

ಬೇಕಾದಾಗ ತಡೆದರು, ಬೇಡವಾದಾಗ ಕಣ್ಣು ಮುಚ್ಚಿದರು

ದೊಡ್ಡ ದೇಶಗಳಿಗೆ ಗೆಳೆಯರನ್ನು ತಡೆಯುವ ಶಕ್ತಿ ಇರಲಿಲ್ಲವೇ? ಇತ್ತು. ದಕ್ಷಿಣ ಕೊರಿಯಾದ ಪಾರ್ಕ್ ಚುಂಗ್-ಹೀ 1970ರ ದಶಕದಲ್ಲಿ ಗುಟ್ಟಾಗಿ ಬಾಂಬಿಗೆ ಕೈಹಾಕಿದಾಗ ಅಮೆರಿಕ ಮಿತ್ರನೆಂದು ನೋಡದೆ ಗದರಿಸಿತು; ಫ್ರಾನ್ಸಿನಿಂದ ಬರಬೇಕಿದ್ದ ಪ್ಲುಟೋನಿಯಂ ಕಾರ್ಖಾನೆ ರದ್ದಾಯಿತು. 1988ರಲ್ಲಿ ತೈವಾನಿನ ಅಣುವಿಜ್ಞಾನಿ ಚಾಂಗ್ ಶಿಯೆನ್-ಯಿ ಅಮೆರಿಕಕ್ಕೆ ಹೊರಟುಹೋದರು, ಅಮೆರಿಕ ಅಲ್ಲಿನ ರಿಯಾಕ್ಟರನ್ನೇ ಮುಚ್ಚಿಸಿತು.

ಪಾಕಿಸ್ತಾನದ ವಿಷಯದಲ್ಲಿ? ಅಫ್ಘಾನಿಸ್ತಾನದಲ್ಲಿ ಸೋವಿಯತ್ ಸೇನೆ ಇರುವವರೆಗೆ ಅಮೆರಿಕಕ್ಕೆ ಪಾಕಿಸ್ತಾನ ಬೇಕಾಗಿತ್ತು. 1985ರ ಪ್ರೆಸ್ಲರ್ ತಿದ್ದುಪಡಿಯ ಪ್ರಕಾರ, ಪಾಕಿಸ್ತಾನದ ಬಳಿ ಅಣುಬಾಂಬ್ ಇಲ್ಲ ಎಂದು ಅಮೆರಿಕದ ಅಧ್ಯಕ್ಷರು ವರ್ಷ ವರ್ಷವೂ ಪ್ರಮಾಣಪತ್ರ ಕೊಡಬೇಕು. ಕೊಟ್ಟರು, ಕೊಡುತ್ತಲೇ ಹೋದರು. 1989ರಲ್ಲಿ ಸೋವಿಯತ್ ಸೇನೆ ಮನೆಗೆ ಮರಳಿತು. 1990ರಲ್ಲಿ ಪ್ರಮಾಣಪತ್ರ ನಿಂತಿತು, ಹಣ ಕಟ್ಟಿದ ಎಫ್-16 ವಿಮಾನಗಳೂ ನಿಂತವು. ಬಾಂಬ್ ಆ ಒಂದೇ ವರ್ಷದಲ್ಲಿ ಹುಟ್ಟಿತೇ? ನಿಯಮ ಬದಲಾಗಲಿಲ್ಲ, ಬೇಕುಬೇಡ ಬದಲಾಯಿತು.

ನಮ್ಮ ಮನೆಯ ಮಾತು

ಈಗ ನಿಮ್ಮಲ್ಲಿ ಯಾರಾದರೂ ಕೇಳಬೇಕು: ಭಾರತವೂ ಅದೇ ಸಾಲಿನಲ್ಲಿಲ್ಲವೇ? ಇದೆ. ಮುಚ್ಚಿಟ್ಟು ಮಾತನಾಡುವುದಕ್ಕೆ ಈ ಕರಪತ್ರ ಅಚ್ಚು ಹಾಕಿಸಿಲ್ಲ.

ಮುಂಬೈ ಬಳಿಯ ಟ್ರಾಂಬೆಯ ‘ಸೈರಸ್’ ರಿಯಾಕ್ಟರ್ ಕೆನಡಾ ಕೊಟ್ಟದ್ದು, ಅದಕ್ಕೆ ಭಾರಜಲ ಅಮೆರಿಕ ಕೊಟ್ಟದ್ದು. ಶಾಂತಿಯುತ ಬಳಕೆಗೆಂದೇ ಕೊಟ್ಟದ್ದು. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿದ ಸಾಧನದ ಪ್ಲುಟೋನಿಯಂ ಅಲ್ಲಿಂದ ಬಂತು. ಆ ಪ್ರಯೋಗದ ಮುಂದಾಳು ನಮ್ಮ ತುಮಕೂರಿನ ರಾಜಾ ರಾಮಣ್ಣ. ದಿಲ್ಲಿ ಅದನ್ನು ಶಾಂತಿಯುತ ಸ್ಫೋಟ ಎಂದಿತು. ಕಾಮನ್‌ವೆಲ್ತ್ ಬಂಧುವಾದ ಕೆನಡಾ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಅಣು ಸಹಕಾರ ತಡೆಹಿಡಿಯಿತು, 1976ರಲ್ಲಿ ಪೂರ್ತಿ ಕಡಿದುಕೊಂಡಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಅರ್ಧಕ್ಕೆ ನಿಂತ ಎರಡನೇ ಘಟಕವನ್ನು ನಮ್ಮ ಎಂಜಿನಿಯರುಗಳೇ ಮುಗಿಸಬೇಕಾಯಿತು. ಕಾರವಾರದ ಬಳಿ ಕೈಗಾದಲ್ಲಿ ನಿಂತಿರುವ ನಾಲ್ಕು ರಿಯಾಕ್ಟರುಗಳೂ ಅದೇ ವಂಶದವು.

ಹಾಗಾದರೆ ಇನ್ನೊಬ್ಬರಿಗೆ ಹೇಳುವ ಯೋಗ್ಯತೆ ನಮಗಿದೆಯೇ? ದಿಲ್ಲಿಗೆ ಕಡಿಮೆ ಇದೆ, ಒಪ್ಪುತ್ತೇವೆ. ಭಾರತವೂ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲ; ಕೆಲವು ಸ್ಥಾವರಗಳನ್ನು ತಪಾಸಣೆಗೆ ತೆರೆದು, ಕೆಲವನ್ನು ಮುಚ್ಚಿಟ್ಟಿದೆ. ಅದನ್ನೂ ನಮ್ಮ ಸಂಸದರು ಕೇಳಬೇಕು. ಆದರೆ ಸರ್ಕಾರಕ್ಕೆ ಮುಜುಗರವಾಗುತ್ತದೆಂದು ಪ್ರಜೆ ಬಾಯಿ ಮುಚ್ಚಬೇಕೆಂದು ಎಲ್ಲಿ ಬರೆದಿದೆ? ದೋಹಾದಲ್ಲಿ ಮಗಳನ್ನು ಬಿಟ್ಟು ಬಂದ ತಾಯಿಗೆ ಯಾವ ಮುಜುಗರವೂ ಇಲ್ಲ.

ಇನ್ನೊಂದು ಮಾತು ಬರುತ್ತದೆ: ಇಸ್ರೇಲಿನ ಸುತ್ತ ಶತ್ರುಗಳು, ಅವರಿಗೆ ಬೇರೆ ದಾರಿಯೇನು? ಆ ಭಯ ಸುಳ್ಳಲ್ಲ. ಅರವತ್ತು ಲಕ್ಷ ಯಹೂದಿಗಳನ್ನು ಹಿಟ್ಲರ್ ಕೊಲ್ಲಿಸಿ ಹದಿನೈದು ವರ್ಷವೂ ಆಗದ ಕಾಲದಲ್ಲಿ ಬೆನ್-ಗುರಿಯನ್ ಈ ಕೆಲಸಕ್ಕೆ ಕೈಹಾಕಿದ್ದರು. ಆದರೆ ಅರವತ್ತು ವರ್ಷದ ಗುಟ್ಟು ಆ ಭಯವನ್ನು ಕಳೆದಿದೆಯೇ? 1973ರಲ್ಲಿ ಈಜಿಪ್ಟ್, ಸಿರಿಯಾಗಳ ದಾಳಿಯನ್ನು ಅದು ತಡೆಯಲಿಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯನ್ನು ತಡೆಯಲಿಲ್ಲ. 2025ರ ಜೂನ್‌ನಲ್ಲಿ ದಿಮೋನಾಕ್ಕೆ ಹತ್ತಿರದ ಬೀರ್‌ಶೆಬಾ ನಗರದ ಆಸ್ಪತ್ರೆಗೇ ಕ್ಷಿಪಣಿ ಬಡಿಯಿತು. ಇದಲ್ಲದೆ, ಗುಟ್ಟಿನ ಬಾಂಬ್ ಕಂಡ ನೆರೆಯವನು ತಾನೂ ಗುಟ್ಟಾಗಿ ಶುರುಮಾಡುತ್ತಾನೆ. ಇರಾಕ್ ಮಾಡಿತು, ಲಿಬಿಯಾ ಮಾಡಿತು, ಸಿರಿಯಾ ಮಾಡಿತು. ಎಲ್ಲರಿಗೂ ನೆಪ ಒಂದೇ.

“ನಮಗೇನು ಸಂಬಂಧ” ಎನ್ನುವವರು ಭೂಪಟ ತೆಗೆದು ನೋಡಿ. ಇರಾನಿನ ಬುಶೆಹರ್ ಅಣುವಿದ್ಯುತ್ ಸ್ಥಾವರ ಇರುವುದು ಗಲ್ಫ್ ಸಮುದ್ರದ ದಡದಲ್ಲೇ. ಆಚೆ ದಡದ ಕುವೈತ್, ಬಹರೈನ್, ಕತಾರ್‌ಗಳು ಕುಡಿಯುವುದು ಆ ಸಮುದ್ರದ ಉಪ್ಪು ತೆಗೆದ ನೀರು. ಬುಶೆಹರ್‌ಗೆ ಪೆಟ್ಟು ಬಿದ್ದು ಸಮುದ್ರ ಕೆಟ್ಟರೆ ತಮ್ಮ ದೇಶದಲ್ಲಿ ಮೂರು ದಿನಕ್ಕೆ ನೀರು ಮುಗಿಯುತ್ತದೆಂದು ಹಿಂದೆ ಲೆಕ್ಕ ಹಾಕಿದ್ದೆವು ಎಂದು ಕತಾರ್ ಪ್ರಧಾನಿಯೇ 2025ರ ಮಾರ್ಚ್‌ನಲ್ಲಿ ಹೇಳಿದರು. ಆ ಲೆಕ್ಕದ ಮೇಲೆ ಅವರು ದೊಡ್ಡ ಜಲಾಶಯಗಳನ್ನೇನೋ ಕಟ್ಟಿಕೊಂಡರು. ಲೇಬರ್ ಕ್ಯಾಂಪಿನಲ್ಲಿ ಹನ್ನೆರಡು ಜನ ಮಲಗುವ ಕೋಣೆಗೆ ಆ ನೀರು ಎಷ್ಟನೆಯ ದಿನ ಬರುತ್ತದೆ?

ನೀವು ಮಾಡಬೇಕಾದ ಕೆಲಸ

ದೊಡ್ಡದೇನಲ್ಲ. ಒಂದು ಪೋಸ್ಟ್‌ಕಾರ್ಡ್ ಬರೆಯಿರಿ. ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರು, ಉತ್ತರ ಕನ್ನಡ, ಚಿಕ್ಕಬಳ್ಳಾಪುರ, ನಿಮ್ಮದು ಯಾವ ಕ್ಷೇತ್ರವೋ ಅಲ್ಲಿನ ಲೋಕಸಭಾ ಸದಸ್ಯರಿಗೆ, ಸಂಸತ್ ಭವನ, ನವದೆಹಲಿ 110001 ಎಂಬ ವಿಳಾಸಕ್ಕೆ. ಪಕ್ಷ ಯಾವುದಾದರೂ ಸರಿ. ಬರೆಯಲು ತೋಚದಿದ್ದರೆ ಇದನ್ನೇ ನಕಲು ಮಾಡಿ:

“ಮಾನ್ಯರೇ, ನಮ್ಮ ಮನೆಯವರು (ಊರಿನ ಹೆಸರು ಬರೆಯಿರಿ) ಎಂಬಲ್ಲಿ ದುಡಿಯುತ್ತಿದ್ದಾರೆ. ಪಶ್ಚಿಮ ಏಷ್ಯಾದ ಎಲ್ಲ ಅಣುಸ್ಥಾವರಗಳೂ, ಇರಾನಿನವೂ ದಿಮೋನಾವೂ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಡಬೇಕೆಂದು ಭಾರತ ವಿಶ್ವಸಂಸ್ಥೆಯಲ್ಲಿ ಬಾಯಿಬಿಟ್ಟು ಕೇಳುತ್ತದೆಯೇ? ಅಣುಸ್ಥಾವರಗಳ ಮೇಲಿನ ದಾಳಿಯನ್ನು, ಅದು ಯಾರೇ ಮಾಡಲಿ, ಖಂಡಿಸುತ್ತದೆಯೇ? ಗಲ್ಫ್‌ನಲ್ಲಿ ವಿಕಿರಣ ಸೋರಿದರೆ ನಮ್ಮವರನ್ನು ಕರೆತರಲು ಯಾವ ಯೋಜನೆ ಸಿದ್ಧವಿದೆ? ಪ್ರಶ್ನೋತ್ತರ ವೇಳೆಯಲ್ಲಿ ಕೇಳಿ, ಉತ್ತರ ನಮಗೆ ತಿಳಿಸಿ.”

ಇಸ್ರೇಲಿನಲ್ಲಿರುವ ನಿಮ್ಮ ಮಕ್ಕಳಿಗೆ ಈ ಕರಪತ್ರದ ಫೋಟೊ ಕಳಿಸಬೇಡಿ. ಅವರ ವೀಸಾಕ್ಕೆ ತೊಂದರೆಯಾಗುವುದು ಬೇಡ. ಬರೆಯಬೇಕಾದವರು ಊರಿನಲ್ಲಿರುವ ನಾವು. ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿದ ಮೇಲೆ, ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ, ಭಜನಾ ಮಂದಿರದ ಜಗಲಿಯಲ್ಲಿ, ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಇದನ್ನು ಓದಿ ಹೇಳಿ. ಕಾಲೇಜು ಮಕ್ಕಳೇ, ಓದಲು ಬಾರದ ಹಿರಿಯರಿಗೆ ನೀವು ಬರೆದುಕೊಡಿ, ಅವರು ಹೆಬ್ಬೆಟ್ಟು ಒತ್ತಲಿ. ಕೊಂಕಣಿ, ತುಳು, ಬ್ಯಾರಿ, ನವಾಯತಿ, ಯಾವ ಮಾತಿನಲ್ಲಿ ಹೇಳಿದರೂ ಕಾರ್ಡಿನ ಮೇಲೆ ಕನ್ನಡದಲ್ಲೋ ಹಿಂದಿಯಲ್ಲೋ ಬರೆದರೆ ಸಾಕು.

ಆಗಸ್ಟ್ 6, ಹಿರೋಷಿಮಾ ದಿನ. ಅಂದು ಸಂಜೆ 5 ಗಂಟೆಗೆ ಮಂಗಳೂರಿನ ಕ್ಲಾಕ್ ಟವರ್ ಬಳಿ ಸೇರೋಣ. ಭಾಷಣ ಹದಿನೈದು ನಿಮಿಷ ಮೀರದು. ಯಾವ ದೇಶದ ಬಾವುಟವನ್ನೂ ತರಬೇಡಿ, ಯಾರಿಗೂ ಧಿಕ್ಕಾರ ಕೂಗಬೇಡಿ. ಮಳೆ ಇದ್ದೇ ಇರುತ್ತದೆ, ಕೊಡೆ ತನ್ನಿ. ಬರೆದ ಕಾರ್ಡುಗಳನ್ನೆಲ್ಲ ಒಟ್ಟು ಮಾಡಿ, ಮೆರವಣಿಗೆಯಲ್ಲಿ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇವೆ. ಖಾಲಿ ಕಾರ್ಡು ನಾವು ಕೊಡುತ್ತೇವೆ, ಪೆನ್ನು ನೀವು ತನ್ನಿ. ಗಲ್ಫ್‌ನಲ್ಲಿರುವವರ ಊರಿನ ಹೆಸರು ಸರಿಯಾಗಿ ಕೇಳಿಕೊಂಡು ಬನ್ನಿ.